ಗೆರೆ ಎಳೆದು ಓದುವುದು, ಬಟ್ಟೆ ಸುತ್ತಿ ಓದುವುದು

ಕೈಯಲ್ಲಿ ಪೆನ್ಸಿಲ್ ಇಲ್ಲದೆ ನನಗೆ ಓದಲು ಬರುವುದಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಾನು ಓದುವುದಾದರೂ ಏನು? ಬೆಳಗಿನ ಪೇಪರು, ಮದುವೆ ಕರೆಯೋಲೆ, ಕುಕ್ಕರಿನ ಜೊತೆ ಬಂದ ಪುಸ್ತಿಕೆ, ಗುಳಿಗೆಯ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಚೀಟಿ. ಎಲ್ಲದರಲ್ಲೂ ಒಂದೆರಡು ಸಾಲಿನ ಕೆಳಗೆ ಗೆರೆ ಬಿದ್ದಿರುತ್ತದೆ. ಒಮ್ಮೆ ಯಾರದೋ ಕರೆಯೋಲೆಯಲ್ಲಿ ಉಡುಗೊರೆ ತರಬಾರದು ಎಂಬ ಸಾಲಿಗೆ ಗೆರೆ ಎಳೆದಿದ್ದೆ. ನಮ್ಮ ಮನೆಯವರು ಅದನ್ನು ನೋಡಿ, "ಇದನ್ನೂ ತಪಾಸ ಮಾಡಿದಿ? ಇನ್ನ ಮಾರ್ಕ್ಸ್ ಹಾಕಿ ಅವರ ಮನಿಗೆ ವಾಪಸ್ ಕಳಿಸಿಬಿಡು" ಅಂದರು.

ಮೊನ್ನೆ ಅಡುಗೆಮನೆಯ ಖಾನೆ ಸ್ವಚ್ಛ ಮಾಡುವಾಗ ಒಂದು ಮೊಂಡು ಪೆನ್ಸಿಲ್ ಸಿಕ್ಕಿತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಕೆಂಪು ಹೆಚ್ಚು ಉಳಿದಿತ್ತು, ನೀಲಿ ಮುಗಿಯಲು ಬಂದಿತ್ತು. ಅದನ್ನು ಹಿಡಿದು ಅಲ್ಲೇ ನೆಲದ ಮೇಲೆ ಕೂತವಳಿಗೆ ಬ್ಯಾಳಿ ಹೊತ್ತಿದ ವಾಸನೆ ಬರುವವರೆಗೆ ಏಳುವ ನೆನಪಾಗಲಿಲ್ಲ.

ಈ ಚಟ ಹಚ್ಚಿದವರು ಎಸ್ತೇರ್ ಟೀಚರ್. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಕ್ಯಾಥೊಲಿಕ್ ಹುಡುಗಿಯರು ಸಿಸ್ಟರ್ ಹತ್ತಿರ ಧರ್ಮಪಾಠಕ್ಕೆ ಹೋದಾಗ ಲಿಂಗಾಯತರು, ಜೈನರು, ಮುಸ್ಲಿಮರು ಅಂತ ಉಳಿದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸಿ ನೀತಿಪಾಠ ಹೇಳುತ್ತಿದ್ದವರು ಅವರು. ಟೀಚರೂ ಕ್ರಿಶ್ಚಿಯನ್ನರೇ, ಆದರೆ ಪ್ರಾಟೆಸ್ಟೆಂಟ್. ಗುಳೇದಗುಡ್ಡದ ಕಡೆಯ ನೇಕಾರ ಮನೆತನ. ಈ ಭೇದ ಆಗ ನಮಗೆಲ್ಲಿ ತಿಳಿಯಬೇಕು? ನಮಗೆ ಗೊತ್ತಿದ್ದದ್ದು ಇಷ್ಟು: ಬೈಬಲ್ಲಿನ ಯಾವುದಾದರೂ ಮಾತಿನ ಅರ್ಥ ಸಿಸ್ಟರಿಗೆ ಕೇಳಿದರೆ "ಫಾದರ್ ಬಂದಾಗ ಕೇಳಿ ಹೇಳುತ್ತೇನೆ" ಎನ್ನುತ್ತಿದ್ದರು. ಟೀಚರಿಗೆ ಕೇಳಿದರೆ "ಮೊದಲ ನಿನಗೇನ ಅನಸ್ತದ, ಅದನ್ನ ಹೇಳು" ಎನ್ನುತ್ತಿದ್ದರು. ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಊಟದ ಗಂಟೆ ಯಾಕೆ ಇನ್ನೂ ಹೊಡೆದಿಲ್ಲ ಅಂತ ಮಾತ್ರ ಅನ್ನಿಸುತ್ತಿತ್ತು.

ಆರನೆಯ ಇಯತ್ತೆಯಲ್ಲಿ ಇರುವಾಗ ಯಾರೋ ಬಂದು ನಮಗೆಲ್ಲ ಅಂಗೈಯಗಲದ ಹೊಸ ಒಡಂಬಡಿಕೆಯ ಪುಸ್ತಕ ಹಂಚಿದರು. ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ನನ್ನ ಪಕ್ಕ ಕೂರುತ್ತಿದ್ದ ಮುಮತಾಜ ಅದನ್ನು ಮನೆಗೆ ಒಯ್ದಳು, ನಾನೂ ಒಯ್ದೆ. ಅವರಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಇದೂ ಆಕಾಶದಿಂದ ಇಳಿದ ಕಿತಾಬೇ ಎಂದು ಹೇಳಿ, ಸ್ವಚ್ಛ ಕರವಸ್ತ್ರದಲ್ಲಿ ಸುತ್ತಿ ಕಪಾಟಿನ ಮೇಲೆ ಕುರಾನಿನ ಪಕ್ಕಕ್ಕೆ ಇಟ್ಟರಂತೆ. ಕೈಕಾಲು ತೊಳೆಯದೆ ಮುಟ್ಟಬೇಡ ಎಂದರಂತೆ. ನಮ್ಮ ಮನೆಯಲ್ಲಿ ಆಯಿ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ಕಣಗಿಲ ಹೂ ಏರಿಸಿ ದೇವರ ಜಗಲಿಯ ಮೇಲಿಟ್ಟಳು. ವಾರ ಬಿಟ್ಟು ಟೀಚರ್ ಪುಸ್ತಕ ತರಲು ಹೇಳಿದಾಗ ಮುಮತಾಜಳದು ತೆರೆದೇ ಇರಲಿಲ್ಲ, ನನ್ನದು ತೆರೆದರೆ ವಿಭೂತಿ ಉದುರಿತು.

ಟೀಚರ್ ಬೈಯಲಿಲ್ಲ. "ಇಬ್ಬರೂ ಭಾಳ ಮರ್ಯಾದಿ ಮಾಡೀರಿ. ಓದೂದೊಂದ ಬಿಟ್ಟೀರಿ" ಅಂದು ಇಬ್ಬರಿಗೂ ಒಂದೊಂದು ಕೆಂಪು-ನೀಲಿ ಪೆನ್ಸಿಲ್ ಕೊಟ್ಟರು. ದೇವರು ಮಾಡು ಅಂದದ್ದಕ್ಕೆ ಕೆಂಪು, ಕೊಡುತ್ತೇನೆ ಅಂದದ್ದಕ್ಕೆ ನೀಲಿ. ಮುಮತಾಜ ಆ ಪೆನ್ಸಿಲನ್ನು ಭೂಗೋಳದ ನಕಾಶೆಗೆ ಬಳಸಿದಳು, ನದಿಗಳು ಚೆನ್ನಾಗಿ ಬಂದವು. ನಾನು ಮಾತ್ರ ಗೆರೆ ಎಳೆಯುವವಳಾಗಿ ಉಳಿದೆ.

ಇಬ್ಬರನ್ನೂ ಜಮಖಂಡಿಯಲ್ಲೇ ಕೊಟ್ಟರು. ಅವಳ ಮನೆ ನಮ್ಮ ಹಿಂದಿನ ಓಣಿ. ನಮ್ಮ ಹಿತ್ತಲಲ್ಲಿ ಭಾಂಡೆ ತಿಕ್ಕುವಾಗ ಅವಳು ಬೆಳಿಗ್ಗೆ ಕುರಾನು ಓದುವುದು ಕೇಳುತ್ತದೆ. ಅವಳ ದನಿ ಮಾತಿಗಿಂತ ಓದಿಗೆ ಛಲೋ. ಓದು ಮುಗಿದ ಮೇಲೆ ಹಸಿರು ಮಕಮಲ್ಲಿನ ಚೀಲದಲ್ಲಿ ಹಾಕಿ, ಮನೆಯಲ್ಲಿ ಎಲ್ಲಕ್ಕೂ ಎತ್ತರದ ಜಾಗದಲ್ಲಿ ಇಡುತ್ತಾಳೆ. ಅದರ ಮೇಲೆ ಇನ್ನೊಂದು ವಸ್ತು ಇಡುವಂತಿಲ್ಲ. ಐವತ್ತು ವರ್ಷ ದಾಟಿದ ಆ ಗ್ರಂಥದಲ್ಲಿ ಒಂದು ಪೆನ್ಸಿಲ್ ಗುರುತಿಲ್ಲ, ಒಂದು ಕಿವಿ ಮಡಚಿದ ಹಾಳೆ ಇಲ್ಲ.

"ಅರಬಿ ಅರ್ಥ ಆಗೂದಿಲ್ಲ ಅಂತೀ, ಮತ್ತ ಹೆಂಗ ಓದ್ತೀಬೇ?" ಅಂತ ಒಮ್ಮೆ ಕೇಳಿದ್ದೆ.

"ನೀ ಗುಡಿಯಾಗ ಐನಾರ ಮಂತ್ರ ಅಂದಾಗ ಕೈ ಮುಗದ ನಿಂದರ್ತೀ. ನಿನಗ ಅರ್ಥ ಆಗತೈತೇನ?"

"ನಮ್ಮ ವಚನಾ ಕನ್ನಡದಾಗ ಅದಾವ."

"ಹಂಗಾರ ಒಂದರ ಅರ್ಥ ಹೇಳು."

ನನಗೆ ನೂರು ವಚನ ಬಾಯಿಪಾಠ. ಒಂದನ್ನು ಆರಿಸಿಕೊಂಡು ಅರ್ಧ ಅರ್ಥ ಹೇಳುವಷ್ಟರಲ್ಲಿ ಸಿಕ್ಕಿಹಾಕಿಕೊಂಡು, ಉಳಿದದ್ದು ಮಠದ ಅಪ್ಪಾರು ಶ್ರಾವಣದ ಪ್ರವಚನದಲ್ಲಿ ಹೇಳಿದ್ದರು, ಮರೆತಿದೆ ಅಂದೆ. ಮುಮತಾಜ ಚಹಾಕ್ಕೆ ಇಟ್ಟಳು. ಸೋತವರಿಗೆ ಅವಳು ಸಕ್ಕರೆ ಹೆಚ್ಚು ಹಾಕುತ್ತಾಳೆ.

ಎಸ್ತೇರ್ ಟೀಚರಿಗೆ ಈಗ ಎಂಬತ್ತರ ಹತ್ತಿರ. ಕಣ್ಣಿನ ಪೊರೆ ತೆಗೆಸಿದರೂ ಸಣ್ಣಕ್ಷರ ಕಾಣುವುದಿಲ್ಲ. ಗುರುವಾರ ಮಧ್ಯಾಹ್ನ ಹೋಗಿ ನಾನು ಅವರ ಬೈಬಲ್ ಓದಿ ಹೇಳುತ್ತೇನೆ. ಅದು ಓದುವುದಕ್ಕಿಂತ ಜಾಸ್ತಿ ಅವರ ಮನೆತನದ ಚರಿತ್ರೆ ನೋಡಿದ ಹಾಗೆ. ಅಂಚಿನಲ್ಲೆಲ್ಲ ಬರೆದಿದ್ದಾರೆ: ಬೋರಿಗೆ ನೀರು ಬಂದ ದಿವಸ, ತಮ್ಮನ ಆಪರೇಷನ್, ಸೊಸೆಯ ಮೇಲೆ ಸಿಟ್ಟು ಬಂದದ್ದು, ಸಿಟ್ಟು ಇಳಿದದ್ದು. ಒಂದೇ ವಾಕ್ಯದ ಪಕ್ಕ ಮೂರು ಬೇರೆ ಬೇರೆ ವರ್ಷಗಳಲ್ಲಿ ಮೂರು ಅರ್ಥ.

"ಮೂರರಾಗ ಖರೇದ್ದ ಯಾವುದ್ರಿ ಟೀಚರ್?"

"ಮೂರೂ ಖರೇನ. ಆವಾಗ ಅದು ನನಗ ಹಂಗ ಹೇಳ್ತು, ಈವಾಗ ಹಿಂಗ ಹೇಳ್ತದ. ಮಾತಾಡೂದ ಬಿಟ್ರ ಅದು ಬರೇ ಹಾಳಿ."

ಮುಮತಾಜಳಿಗೆ ಇದನ್ನು ಹೇಳಿದಾಗ ಅವಳಿಗೆ ದಿಗಿಲಾಯಿತು. ದೇವರ ಮಾತು ಎಲ್ಲರಿಗೂ ಒಂದೇ. ಅದಕ್ಕೆ ನನಗೆ ಹೀಗನಿಸಿತು ಅಂತ ಅರ್ಥ ಕಟ್ಟಿದರೆ, ನಾಳೆ ಕಟ್ಟಿದ್ದು ತಪ್ಪಾದಾಗ ಹೊರೆ ಹೊರುವವರು ಯಾರು ಎಂಬುದು ಅವಳ ವಾದ. ಹಾಗಂತ ಮುಸ್ಲಿಮರೆಲ್ಲ ಹೀಗೆ, ಕ್ರಿಶ್ಚಿಯನ್ನರೆಲ್ಲ ಹಾಗೆ ಎಂದು ನಾನು ಗೆರೆ ಎಳೆದು ಹೇಳಿದರೆ ತಪ್ಪಾಗುತ್ತದೆ. ಅದೇ ಓಣಿಯ ಅವಳ ಮೈದುನ ಕನ್ನಡದ ಕುರಾನ್ ಅನುವಾದ ಓದಿ, ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಎಲ್ಲರೊಡನೆ ಚರ್ಚೆ ಮಾಡುತ್ತಾನೆ. ನನಗೂ ಒಂದು ಪ್ರತಿ ತಂದುಕೊಟ್ಟವನು ಅವನೇ. ಅತ್ತ ಸಿಸ್ಟರು ಬದುಕಿಡೀ ಫಾದರನ್ನು ಕೇಳಿಯೇ ಹೇಳಿದರು. ನನಗೆ ಗೊತ್ತಿರುವುದು ಒಬ್ಬ ಮುಮತಾಜ, ಒಬ್ಬ ಎಸ್ತೇರ್ ಟೀಚರ್. ಅವರಿಬ್ಬರ ನಡುವೆ ಓಡಾಡಿದ ನನ್ನ ಚಪ್ಪಲಿ.

ಹೆಚ್ಚು ಓಡಾಡಿದ್ದು ಮುಮತಾಜಳ ಮಗಳು ಸಾಹಿರಾಳ ಸಲುವಾಗಿ.

ಸಾಹಿರಾಳನ್ನು ಮುಧೋಳಕ್ಕೆ ಕೊಟ್ಟಿದ್ದಾರೆ. ಅಳಿಯ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದಾನೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸಿರಾದಳು. ಮುಮತಾಜ ದಿನಾ ಬೆಳಿಗ್ಗೆ ಕುರಾನಿನಲ್ಲಿ ಮರ್ಯಮಳ, ಅಂದರೆ ಯೇಸುವಿನ ತಾಯಿ ಮೇರಿಯ, ಹೆಸರಿನ ಅಧ್ಯಾಯ ಓದಿ, ಒಂದು ಬಾಟಲಿ ನೀರಿಗೆ ಊದಿ ಮಗಳಿಗೆ ಕುಡಿಯಲು ಮುಧೋಳದ ಬಸ್ಸಿಗೆ ಕಳಿಸುತ್ತಿದ್ದಳು. ಬಸುರಿಯರಿಗೆ ಹಾಗೆ ಕೊಡುವುದು ಅವರಲ್ಲಿ ರೂಢಿ. ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಲ್ಲಿ ಎಲ್ಲ ಮುಗಿದ ಮೇಲೆ ಸಾಹಿರಾ ಒಂದೇ ಮಾತು ಅಂದಳು: ಇದಕ್ಕಿಂತ ಮೊದಲೇ ನಾನು ಸತ್ತಿದ್ದರೆ ಆಗುತ್ತಿತ್ತು. ಹತ್ತಿರ ನಿಂತಿದ್ದ ಅತ್ತೆ, ಆಕೆಯೂ ಅಳುತ್ತಲೇ ಇದ್ದಾಕೆ, "ತೌಬಾ ಅನ್ನವಾ. ಸಾವು ಬೇಡೂದು ಗುನಾ" ಅಂದರು. ತಪ್ಪಾಯಿತು ಅನ್ನು, ಸಾವು ಬೇಡುವುದು ಪಾಪ, ಎಂದು.

ಸಿಟ್ಟಿನಿಂದ ಅಂದದ್ದಲ್ಲ. ನಮ್ಮಲ್ಲಿ ಅಪಶಕುನದ ಮಾತಿಗೆ ಬಿಡ್ತು ಅನ್ನು ಅನ್ನುವುದಿಲ್ಲವೇ, ಹಾಗೆ. ಆದರೆ ಅದು ಸಾಹಿರಾಳ ಒಳಗೆ ಹೋಗಿ ಕೂತುಬಿಟ್ಟಿತು. ತವರಿಗೆ ಬಂದವಳಿಗೆ ನಲವತ್ತು ದಿನ ಕಳೆಯಿತು. ಬಾಣಂತಿಗೆ ನಮಾಜಿನಿಂದ ಸೂಟಿ ಇರುವುದು ಅಷ್ಟೇ ದಿನ. ಆಮೇಲೂ ಅವಳು ಚಾಪೆ ಹಾಸಲಿಲ್ಲ. ಎರಡೂವರೆ ತಿಂಗಳಾಯಿತು. ಗಂಡ ಕರೆಯಲು ಬಂದ, ಹೋಗಲಿಲ್ಲ. ಏನು ಮುಖ ಇಟ್ಟುಕೊಂಡು ಅವನ ಮುಂದೆ ನಿಲ್ಲಲಿ ಎಂದಳಂತೆ. ಅವನು ಅಂದರೆ ಗಂಡನಲ್ಲ, ಅಲ್ಲಾ ಎಂದು ತಿಳಿಯಲು ಮುಮತಾಜಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಮನ್ಯಾಗ ಐದು ಹೊತ್ತು ಬಿಡದಾಕಿ ಅಕಿ ಒಬ್ಬಾಕೀನ ಇದ್ಳು ಗಿರಿಜಾ" ಅಂತ ಮುಮತಾಜ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಹೇಳಿದಳು. "ಈಗ ಮಸೀದ್ಯಾಗ ಬಾಂಗ್ ಆದಕೂಡಲೆ ಎದ್ದು ಒಳಗ ಹೊಕ್ಕಾಳ. ಹಿಂಗ ಆದ್ರ ಅಕಿ ಯಾವತ್ತೂ ಹೊಳ್ಳಿ ಬರಂಗಿಲ್ಲ ಅನಸತೈತಿ ನನಗ."

ಗುರುವಾರ ಟೀಚರ ಮುಂದೆ ಬಾಯಿಬಿಟ್ಟೆ. ಬಿಡಬಾರದಿತ್ತೋ ಏನೋ. ಟೀಚರ್ ತಕ್ಷಣ ಬೈಬಲ್ಲಿನಲ್ಲಿ ಯೋಬನ ಪುಸ್ತಕ ತೆಗೆಯಲು ಹೇಳಿದರು. ಮಕ್ಕಳೂ ಹೋಗಿ, ಮೈತುಂಬ ಹುಣ್ಣಾದ ಆ ಮನುಷ್ಯ ತಾನು ಹುಟ್ಟಿದ ದಿವಸವನ್ನೇ ಶಪಿಸುವ ಅಧ್ಯಾಯ. ಟೀಚರ ಯಜಮಾನರು ತೀರಿಕೊಂಡ ವರ್ಷ ಅದರ ತುಂಬ ಗೆರೆ ಬಿದ್ದಿದ್ದವು. ಕೆಂಪೂ ಅಲ್ಲ ನೀಲಿಯೂ ಅಲ್ಲ, ಬರೀ ಸೀಸದ ಗೆರೆ. "ಇಷ್ಟೆಲ್ಲಾ ಒದರಿದಾನ, ದೇವರು ಕಡೀಕ ಅವನ್ನ ಬಿಟ್ಟಿಲ್ಲ. ಅಕೀಗೆ ಇದನ್ನ ಓದಿ ಹೇಳು" ಅಂದರು.

ನಾನು ಮೊದಲು ತಾಯಿಗೇ ಹೇಳಿದೆ. ಮುಮತಾಜ ಕೇಳಿ, "ಯಾರು, ನಮ್ಮ ಅಯ್ಯೂಬ ನಬಿ?" ಅಂದಳು. "ನಮ್ಮ ಕುರಾನದಾಗ ಅವರು ಹಂಗ ಒದರೂದಿಲ್ಲಬೇ. ನನಗ ತ್ರಾಸ ಆಗೇತಿ, ನೀ ದಯಾಳು ಅದೀ ಅಂತ ಇಷ್ಟ ಅಂತಾರ. ತಾಳ್ಮಿ ಅಂದ್ರ ಅಯ್ಯೂಬ ನಬಿಯ ತಾಳ್ಮಿ. ಈಗ ಅವರ ಹೆಸರ ತಗದ್ರ ಸಾಹಿರಾ ಇನ್ನಷ್ಟ ಕುಗ್ಗತಾಳ."

ಟೀಚರಿಗೆ ಯೋಬ, ಇವಳಿಗೆ ಪ್ರವಾದಿ ಅಯ್ಯೂಬ. ಒಬ್ಬನೇ ಮನುಷ್ಯ, ಅದೇ ಹುಣ್ಣು. ಒಂದು ಪುಸ್ತಕದಲ್ಲಿ ಅಧ್ಯಾಯಗಟ್ಟಲೆ ದೇವರ ಜೊತೆ ಜಗಳಾಡುತ್ತಾನೆ, ಇನ್ನೊಂದರಲ್ಲಿ ಒಂದೇ ಸಾಲು ಹೇಳಿ ಸುಮ್ಮನಾಗುತ್ತಾನೆ. ಟೀಚರಿಗೆ ಅವನ ಜಗಳ ಬೇಕು, ಮುಮತಾಜಳಿಗೆ ಅವನ ಸುಮ್ಮನಿರುವಿಕೆ ಬೇಕು. ನನಗೆ ಇಬ್ಬರ ಹತ್ತಿರವೂ ಚಹಾ ಸಿಗುತ್ತದೆ, ಅದಕ್ಕೇ ನಾನು ನ್ಯಾಯ ಹೇಳಲು ಹೋಗುವುದಿಲ್ಲ.

ಆದರೆ ಕೈ ಸುಮ್ಮನಿರಲಿಲ್ಲ. ಮುಮತಾಜಳ ಮೈದುನ ಕೊಟ್ಟಿದ್ದ ಕನ್ನಡ ಅನುವಾದ ತೆಗೆದು ಮರ್ಯಮಳ ಅಧ್ಯಾಯ ಓದತೊಡಗಿದೆ, ಪೆನ್ಸಿಲ್ ಸಮೇತ. ಕಾನ್ವೆಂಟಿನಲ್ಲಿ ನಾನು ಕಂಡ ಮೇರಿ ದನದ ಕೊಟ್ಟಿಗೆಯಲ್ಲಿ ಹಡೆಯುತ್ತಾಳೆ, ಪಕ್ಕದಲ್ಲಿ ಗಂಡ, ಕುರಿ ಕಾಯುವವರು, ಮೇಲೆ ನಕ್ಷತ್ರ. ಇಲ್ಲಿಯ ಮರ್ಯಮ ಒಬ್ಬಳೇ. ನೋವು ಬಂದಾಗ ಒಂದು ಖರ್ಜೂರದ ಮರದ ಬೊಡ್ಡೆಗೆ ಹೋಗಿ ಆತುಕೊಳ್ಳುತ್ತಾಳೆ. ಆತುಕೊಂಡು ಅನ್ನುತ್ತಾಳೆ, ಇದಕ್ಕಿಂತ ಮೊದಲೇ ನಾನು ಸತ್ತು, ಎಲ್ಲರೂ ಮರೆತುಬಿಟ್ಟವಳಾಗಿದ್ದರೆ ಆಗುತ್ತಿತ್ತು, ಎಂದು.

ನೀಲಿ ಗೆರೆ ಎಳೆದೇಬಿಟ್ಟೆ. ಎರಡು ಸಲ ಎಳೆದೆ. ಗ್ಯಾಸ್ ಬಂದ್ ಮಾಡಿ ಹಿಂದಿನ ಓಣಿಗೆ ನಡೆದೆ.

ಮುಮತಾಜ ಮೊದಲು ನೋಡಿದ್ದು ಗೆರೆಯನ್ನು. ಎಡಕ್ಕೆ ಅರಬಿ, ಬಲಕ್ಕೆ ಕನ್ನಡ ಇದ್ದ ಪುಸ್ತಕ ಅದು. ಗೆರೆ ಕನ್ನಡದ ಕಡೆ ಇದೆಯೆಂದು ಖಾತ್ರಿ ಮಾಡಿಕೊಂಡು ಉಸಿರು ಬಿಟ್ಟಳು. "ನಿನ್ನ ಕೈಗೆ ಏನ ಕೊಟ್ರೂ ಕಸೂತಿ ಹಾಕ್ತೀ" ಅಂದಳು. ಆಮೇಲೆ ಕನ್ನಡ ಓದಿದಳು. ತಿರುಗಿ ಓದಿದಳು. ಎಡಗಡೆ ಅದೇ ಅರಬಿ ಸಾಲನ್ನು ದನಿ ತೆಗೆಯದೆ ತುಟಿಯಲ್ಲೇ ಅಂದುಕೊಂಡಳು.

"ಏಳು ತಿಂಗಳು ದಿನಾ ಇದನ್ನ ನೀರಿಗೆ ಊದಿ ಕುಡಿಸೇನಿ" ಅಂದಳು. "ಇದರಾಗ ಇದು ಐತಿ ಅಂತ ಗೊತ್ತಿರಲಿಲ್ಲ ನನಗ."

"ಗೊತ್ತಾತಲ್ಲ ಈಗ. ನಡಿ, ಸಾಹಿರಾಗ ತೋರಸೂಣು."

"ಬ್ಯಾಡ. ಓದಿದವರಿಗೆ ಕೇಳಬೇಕು ಮೊದಲ. ನೀ ಗೆರಿ ಹೊಡದದ್ದು ಫತ್ವಾ ಆಗತೈತೇನ?"

"ಅಲ್ಲಬೇ, ಕನ್ನಡದಾಗ ಕಣ್ಣಮುಂದ ಐತಿ."

"ಕಣ್ಣಮುಂದ ಇದ್ದದ್ದು ಅಷ್ಟ ಐತೋ, ಹಿಂದೂ ಮುಂದೂ ಮತ್ತೇನ ಐತೋ, ನನಗೂ ಗೊತ್ತಿಲ್ಲ ನಿನಗೂ ಗೊತ್ತಿಲ್ಲ."

ನಾನು ಮೆತ್ತಗಿನ ಹೆಣ್ಣುಮಗಳು ಎಂದು ಎಲ್ಲರೂ ಹೇಳುತ್ತಾರೆ. ಮೆತ್ತಗಿರುವವರು ಮಾಡುವ ಉಪದ್ವ್ಯಾಪ ಜನಕ್ಕೆ ತಡವಾಗಿ ತಿಳಿಯುತ್ತದೆ, ಅಷ್ಟೇ. ಮುಮತಾಜ ಚಹಾಕ್ಕೆಂದು ಒಳಗೆ ಹೋದಾಗ ನಾನು ಪಡಸಾಲೆಯಲ್ಲಿ ಕೂತಿದ್ದ ಸಾಹಿರಾಳ ಹತ್ತಿರ ಹೋಗಿ ಪುಸ್ತಕ ತೆರೆದು ತೋರಿಸಿಯೇಬಿಟ್ಟೆ. ಮರ್ಯಮಳೂ ಹಾಗೇ ಅಂದಿದ್ದಾಳೆ, ನೋಡು ತಂಗಿ, ಅಂದೆ. ಅವಳ ಮುಖ ಅರಳುತ್ತದೆ ಎಂದು ಕಾದೆ.

ಸಾಹಿರಾ ಬಿ.ಎಡ್. ಮಾಡಿದವಳು. ಸಾವಕಾಶ ಓದಿ ಪುಸ್ತಕ ಮುಚ್ಚಿದಳು.

"ಕಾಕು, ಅವರು ಮರ್ಯಮ. ನಬಿಯ ತಾಯಿ. ಅವರಿಗೆ ನಡದದ್ದು ನನಗ ನಡೀತದಂತ ಹೆಂಗ ಹೇಳ್ತೀರಿ?"

ನಿನಗೆ ಏನನ್ನಿಸುತ್ತದೆ ಅಂತ ಕೇಳಿದೆ, ಟೀಚರ ಹಾಗೆ.

"ನನಗ ಸಮಾಧಾನ ಆಗ್ಲಿ ಅಂತ ನೀವು ಹುಡುಕಿ ತಂದೀರಿ. ಅವ್ವನೂ ಅದಕ್ಕ ಊದಿ ನೀರ ಕೊಡ್ತಾಳ. ನೀವಿಬ್ಬರೂ ಹೌದ ಅನ್ನವರ. ಇಲ್ಲ ಅನ್ನಾಕ ಬರೂವಂಥವರು ಯಾರರೆ ಹೇಳಿದ್ರ ಬ್ಯಾರೆ" ಅಂದಳು.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುಮತಾಜ ನನ್ನನ್ನು ಬೈಯಲಿಲ್ಲ. ಆ ಚಹಾದಲ್ಲಿ ಸಕ್ಕರೆ ಬಹಳ ಇತ್ತು.

ಮನೆಗೆ ಬಂದು ಬಹಳ ಹೊತ್ತು ಆ ಮಾತನ್ನೇ ತಿರುವಿಹಾಕಿದೆ. ಟೀಚರಿಗೆ ಪುಸ್ತಕವೇ ನೇರ ಮಾತಾಡುತ್ತದೆ, ಅವರಿಗೆ ನಡುವೆ ಯಾರೂ ಬೇಡ. ನಾನು ಇದನ್ನೇ ಬಿಡುಗಡೆ ಎಂದುಕೊಂಡಿದ್ದೆ. ಮುಮತಾಜ ಓದಿದವರನ್ನು ಕೇಳಬೇಕು ಅಂದಾಗ ಇವಳಿಗೆ ಧೈರ್ಯ ಸಾಲದು ಅಂದುಕೊಂಡಿದ್ದೆ. ಇಲ್ಲ ಅನ್ನಬಲ್ಲವರ ಬಾಯಿಂದ ಬಂದ ಹೌದಿಗೇ ಒಬ್ಬಳು ಹಸಿದಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಮುಂದಿನ ಗುರುವಾರ ಟೀಚರಿಗೆ ಹೇಳಿದೆ. ಅವರು "ಹಂಗಾರ ಕೇಳಾಕ ಹೋಗ್ರಿ. ತಡಾ ಯಾಕ ಮಾಡ್ತೀರಿ?" ಅಂದರು.

ಬನಹಟ್ಟಿಯಲ್ಲಿ ಹುಡುಗಿಯರಿಗೆ ಪಾಠ ಹೇಳುವ ಒಬ್ಬ ಆಲಿಮಾ ಇದ್ದಾರೆಂದು ಮುಮತಾಜ ತಿಳಿದುಕೊಂಡು ಬಂದಳು. ಆಲಿಮಾ ಅಂದರೆ ಧರ್ಮಶಾಸ್ತ್ರ ಓದಿದ ಹೆಣ್ಣುಮಗಳು. ಸಾಹಿರಾ ಬರುತ್ತೇನೆ ಅಂದದ್ದೇ ಆಶ್ಚರ್ಯ. "ಗಿರಿಜಾ ಕಾಕೂನೂ ಬರ್ಲಿ, ಪುಸ್ತಕ ಅವರದ ಐತಿ" ಅಂದಳಂತೆ. ಮೂವರೂ ಬೆಳಗಿನ ಬಸ್ಸಿಗೆ ಹೋದೆವು.

ಕೆಳಗೆ ಪವರ್‌ಲೂಮ್ ಶೆಡ್ಡು, ಮೇಲೆ ಅವರ ಮನೆ. ಇಡೀ ಮಾಳಿಗೆ ಮಗ್ಗದ ಸದ್ದಿಗೆ ಸಣ್ಣಗೆ ನಡುಗುತ್ತಿತ್ತು. ಗಡ್ಡ ನೆರೆತ ಮೌಲಾನಾರ ಹಾಗೆ ಯಾರೋ ವಯಸ್ಸಾದವರು ಇರುತ್ತಾರೆಂದು ನಾನು ಎಣಿಸಿದ್ದೆ. ಬಂದವರಿಗೆ ಮೂವತ್ತು ತುಂಬಿರಲಿಕ್ಕಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು. ತೊಳೆದುಕೊಂಡು ಬಂದು, ದಪ್ಪನೆಯ ಉರ್ದು ವ್ಯಾಖ್ಯಾನ ಇಳಿಸಿ, ಮಡಚುವ ಮರದ ಪೀಠದ ಮೇಲಿಟ್ಟು ತೆರೆದರು.

ಅವರು ಸಾಹಿರಾಳ ಕಥೆ ಕೇಳಿ ಅಯ್ಯೋ ಅನ್ನಲಿಲ್ಲ. ನಾನು ಅಂದಿರುತ್ತಿದ್ದೆ. ಯಾವ ವಿದ್ವಾಂಸರು ಆ ಸಾಲಿಗೆ ಏನು ಹೇಳಿದ್ದಾರೆ ಎಂದು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದರು. ಜನ ಸುಳ್ಳು ಅಪವಾದ ಹೊರಿಸಿ ತಾವೇ ಪಾಪಕ್ಕೆ ಬೀಳುತ್ತಾರಲ್ಲ ಎಂಬ ಹೆದರಿಕೆಯಿಂದ ಮರ್ಯಮ ಹಾಗೆ ಅಂದರೆಂದು ಒಬ್ಬರು. ಮನುಷ್ಯಮಾತ್ರಳ ಸಂಕಟದಿಂದ ಎಂದು ಇನ್ನೊಬ್ಬರು. ಆಮೇಲೆ, "ಕಷ್ಟ ಬಂತಂತ ಸಾವು ಬೇಡಬಾರದು ಅನ್ನೂದು ಪೈಗಂಬರರ ಮಾತು. ಅದು ಹಂಗೇ ಇರ್ತದ. ಮರ್ಯಮರ ಈ ಸಾಲು ಹಿಡದು ಅದನ್ನ ಅಳಸಾಕ ಬರೂದಿಲ್ಲ" ಅಂದರು.

ಸಾಹಿರಾ ತಲೆ ತಗ್ಗಿಸಿದಳು. ಮುಮತಾಜ ನನ್ನ ಕಡೆ ನೋಡಿದಳು. ನಾನು ಪುಸ್ತಕವನ್ನು ಚೀಲದೊಳಗೆ ಇನ್ನಷ್ಟು ಆಳಕ್ಕೆ ತಳ್ಳಿದೆ.

"ನೀವು ಅದನ್ನ ಯಾವಾಗ ಅಂದ್ರಿ?" ಆಲಿಮಾ ಕೇಳಿದರು.

"ವಾರ್ಡಿನ್ಯಾಗ. ನರ್ಸ್ ಕೂಸಿಗೆ ಬಟ್ಟಿ ಸುತ್ತಾಕತ್ತಿದ್ಳು."

"ಕೈ ಎತ್ತಿ ದುವಾ ಕೇಳಿದ್ರೇನ?"

"ಇಲ್ಲ. ಬಾಯಾಗ ಬಂತು."

"ಆಮ್ಯಾಲೆ ಯಾವಾಗರೆ ಬೇಡಿರೇನು?"

"ಇಲ್ರಿ. ಏನೂ ಬೇಡಿಲ್ಲ. ಬೇಡೂದ ಬಿಟ್ಟೇನಿ."

ಆಲಿಮಾ ಸ್ವಲ್ಪ ಹೊತ್ತು ಹಾಳೆ ತಿರುವಿದರು. ಕೆಳಗೆ ಮಗ್ಗ ಒಂದೇ ಸಮ ಬಡಿಯುತ್ತಿತ್ತು. "ಹಂಗಾರ ನೀವು ಸಾವು ಬೇಡಿಲ್ಲ" ಅಂದರು. "ನೀವು ನರಳೀರಿ. ಬೇಡೂದು ಬ್ಯಾರೆ, ನರಳೂದು ಬ್ಯಾರೆ. ನೀವು ಬೇಡೀನಿ ಅಂದಿದ್ರ ತೌಬಾ ಮಾಡ್ರಿ ಅಂತಿದ್ದೆ." ಆಮೇಲೆ ಪೀಠದ ಮೇಲಿನ ಪುಟವನ್ನು ತೋರಿಸಿದರು. "ಮರ್ಯಮ ಹಂಗ ಅಂದ ಮ್ಯಾಲೆ ಮುಂದಿನ ಸಾಲು, ಮುಂದಿನ ಆಯತ್ ಏನೈತಿ ನೋಡ್ರಿ. ಬೈಗುಳ ಇಲ್ಲ. ದುಃಖ ಮಾಡಬ್ಯಾಡ, ನಿನ್ನ ಕೆಳಗ ನೀರು ಹರಸೇನಿ, ಮರಾ ಅಲುಗಾಡಿಸಿ ಹಣ್ಣು ತಿನ್ನು, ನೀರು ಕುಡಿ ಅಂತ ಐತಿ. ಮೊದಲ ಊಟದ ಮಾತು. ಮಂದಿಗೆ ಏನ ಹೇಳಬೇಕು ಅನ್ನೂದು ಅದರ ಮ್ಯಾಲೆ. ಮುಂಜಾನಿಂದ ಏನ ತಿಂದೀರಿ?"

ಸಾಹಿರಾ ಏನೂ ತಿಂದಿರಲಿಲ್ಲ. ಆಲಿಮಾ ಒಳಗೆ ಹೋಗಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದು ಅವಳ ಮುಂದೆ ಇಟ್ಟರು. ನಮಗೆ ಕೊಡಲಿಲ್ಲ, ಕೇಳಲೂ ಇಲ್ಲ. ಸಾಹಿರಾ ಅಳುತ್ತಾಳೆಂದು ನಾನು ಸೆರಗು ಸರಿಮಾಡಿಕೊಂಡು ಕೂತೆ. ಅವಳು ಅಳಲಿಲ್ಲ. ಹಸಿದವರು ಉಣ್ಣುವ ಹಾಗೆ ಎರಡೂ ರೊಟ್ಟಿ ತಿಂದಳು. ಹಿಂಡಿ ಖಾರವಾಗಿರಬೇಕು, ನಡುವೆ ಎರಡು ಸಲ ಮೂಗು ಒರೆಸಿಕೊಂಡಳು.

ಮಧ್ಯಾಹ್ನದ ಬಾಂಗ್ ಆಯಿತು. ಕೆಳಗೆ ಯಾರೋ ಮಗ್ಗ ನಿಲ್ಲಿಸಿದರು. ಅಷ್ಟು ಹೊತ್ತು ನಡುಗುತ್ತಿದ್ದ ನೆಲ ಒಮ್ಮೆಲೇ ಸುಮ್ಮನಾಯಿತು. ಆಲಿಮಾ ನಮಾಜಿಗೆ ಎದ್ದು ಒಳಗೆ ಹೋದರು; ಬಾ ಎಂದು ಯಾರನ್ನೂ ಕರೆಯಲಿಲ್ಲ.

ಸಾಹಿರಾ ಖಾಲಿ ತಾಟು ಹಿಡಿದು ಎದ್ದಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು. ಕೈಗಡಿಯಾರ ಬಿಚ್ಚಿ ನನ್ನ ಮಡಿಲಲ್ಲಿ ಹಾಕಿ, ತೋಳು ಮೇಲಕ್ಕೆ ಮಡಚುತ್ತ, "ಕಾಕು, ಇಲ್ಲೆ ಕೈಕಾಲ ತೊಳಿಯಾಕ ನೀರ ಎಲ್ಲೆ ಇಟ್ಟಿರ್ತಾರ ಅಂತ ಕೇಳ್ರಿ" ಅಂದಳು. ನಾನು ಕೇಳುವ ಮೊದಲೇ ಹಿತ್ತಲ ಕಡೆ ನಳದ ಸದ್ದು ಕೇಳಿ ಆ ಕಡೆ ಹೋದಳು.

ಮುಮತಾಜ ಅತ್ತ ತಿರುಗಿ ನೋಡಲಿಲ್ಲ. ನನ್ನ ಸೆರಗಿಗೆ ಹತ್ತಿದ ನೂಲಿನ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ಕೂತಳು. ಬಹಳ ಹೊತ್ತು ತೆಗೆದಳು. ಅಲ್ಲಿ ಅಷ್ಟು ಎಳೆಗಳಿರಲಿಲ್ಲ.